ಜಂತಿ ಕೊರೆಯುವ ದುಂಬಿ, ಬದನೆ ಕಟ್ಟಿಸುವ ದುಂಬಿ



ಧಾರವಾಡದಿಂದ ಕಲಘಟಗಿಯತ್ತ ಹೊರಟರೆ ಎರೆಹೊಲಗಳು ಹಿಂದೆ ಸರಿದು ಮಲೆನಾಡಿನ ಅಂಚು ತೆರೆದುಕೊಳ್ಳುತ್ತದೆ. ಅಲ್ಲಿಯ ಹಳೆಯ ಹೆಂಚಿನ ಮನೆಗಳಲ್ಲಿ ಜಂತಿಯ ಕೆಳಗೆ ಉದುರಿದ ಮರದ ಹುಡಿ ಯಾರಿಗೂ ಹೊಸದಲ್ಲ. ತಲೆಯೆತ್ತಿದರೆ ಬೆರಳು ತೂರುವಷ್ಟು ದುಂಡನೆಯ ರಂಧ್ರ; ಅದರಿಂದ ಗುಂಯ್‌ಗುಡುತ್ತ ಹೊರಬೀಳುವ ಕರಿದುಂಬಿ. ವಚನಕಾರರು ಕರೆದು ಮಾತಾಡಿಸಿದ ತುಂಬಿಯೂ ಇದರ ಬಳಗದ್ದೇ ಇರಬಹುದು. ಅವರಿಗೆ ತೊಲೆಯ ಚಿಂತೆ ಇರಲಿಲ್ಲ. ಮನೆಯೊಡೆಯನ ಕೈ ಮಾತ್ರ ಕೀಟನಾಶಕದ ಡಬ್ಬಿಗೆ ಹೋಗುತ್ತದೆ.

ಮೊದಲು ಅದರ ಅಪರಾಧವನ್ನು ಅಳೆಯೋಣ. ಗೆದ್ದಲು ಮರವನ್ನು ತಿನ್ನುತ್ತದೆ. ದುಂಬಿ ತಿನ್ನುವುದಿಲ್ಲ, ಕೊರೆದು ಹುಡಿಯನ್ನು ಹೊರಚೆಲ್ಲುತ್ತದೆ. ಹೆಣ್ಣುದುಂಬಿ ಒಳಹೊಕ್ಕು, ಮರದ ಎಳೆಯ ಗುಂಟ ತಿರುಗಿ ಸುರಂಗ ತೋಡುತ್ತದೆ. ಪರಾಗ ಮತ್ತು ಮಕರಂದದ ಉಂಡೆಯನ್ನಿಟ್ಟು, ಅದರ ಮೇಲೊಂದು ಮೊಟ್ಟೆಯಿಟ್ಟು, ಮರದ ಹುಡಿಯಿಂದಲೇ ಅಡ್ಡಗೋಡೆ ಕಟ್ಟುತ್ತದೆ. ಹೀಗೆ ಕೋಣೆಯ ಹಿಂದೆ ಕೋಣೆ. ಒಂದು ಗೂಡಿನಿಂದ ತೊಲೆ ಮುರಿಯದು. ಆದರೆ ಅದೇ ಸುರಂಗವನ್ನು ಮುಂದಿನ ಪೀಳಿಗೆಗಳು ಉದ್ದ ಮಾಡುತ್ತ ಹೋದರೆ ಜಂತಿ ಬಲಗುಂದುವುದು ನಿಜ. ರೈತನ ದೂರು ಸುಳ್ಳಲ್ಲ. ಮುಖದ ಮುಂದೆ ತೂಗಾಡಿ ಹೆದರಿಸುವುದು ಬಹುಮಟ್ಟಿಗೆ ಗಂಡುದುಂಬಿ. ಅದಕ್ಕೆ ಕೊಂಡಿಯೇ ಇಲ್ಲ!

ಇನ್ನು ಹಿತ್ತಿಲಿಗೆ ಬನ್ನಿ. ಬದನೆ, ಟೊಮೆಟೊ ಹೂಗಳ ಪರಾಗ ಕೊಳವೆಯಂಥ ಕೇಸರಗಳೊಳಗೆ ಅಡಗಿರುತ್ತದೆ. ದುಂಬಿ ಹೂವನ್ನು ಅಪ್ಪಿ ರೆಕ್ಕೆಯ ಸ್ನಾಯುಗಳನ್ನು ಅದುರಿಸಿದಾಗ ಅದು ಹಿಟ್ಟಿನಂತೆ ಉದುರುತ್ತದೆ. ಜೇನುನೊಣಕ್ಕೆ ಈ ವಿದ್ಯೆ ಬಾರದು. ಪ್ಯಾಶನ್ ಹಣ್ಣಿನ ದೊಡ್ಡ ಹೂವಿಗೂ, ಬೇಲಿಯ ಎಕ್ಕೆಗೂ ಈ ದಪ್ಪಮೈಯ ಅತಿಥಿಯೇ ಬೇಕು. ಕೆಲವೊಮ್ಮೆ ಹೂವಿನ ಬುಡವನ್ನೇ ಸೀಳಿ ಮಕರಂದ ಕದಿಯುವುದೂ ಉಂಟು.

ಆದ್ದರಿಂದ ಜಂತಿಯನ್ನೂ ದುಂಬಿಯನ್ನೂ ಉಳಿಸುವ ದಾರಿ ಬೇಕು. ಬಣ್ಣ ಬಳಿದ ಮರಕ್ಕಿಂತ ಬರಿಮರವನ್ನೇ ಅದು ಹೆಚ್ಚಾಗಿ ಆರಿಸುತ್ತದೆ. ಹೊಸ ಜಂತಿಗೆ ಬಣ್ಣ ಹಚ್ಚಿಯೇ ಏರಿಸಬೇಕು. ಹಳೆಯ ರಂಧ್ರವನ್ನು ಹೋಗಿಬರುವಿಕೆ ನಿಂತ ಮೇಲಷ್ಟೇ ಮುಚ್ಚಬೇಕು. ಒಳಗೆ ಮರಿಗಳಿದ್ದರೆ ಬೇರೆ ಕಡೆಯಿಂದ ಕೊರೆದು ಬಂದಾವು. ಹಿತ್ತಿಲಲ್ಲಿ ಒಣಕೊರಡನ್ನೋ, ಒಂದು ತುದಿಗೆ ಗಿಣ್ಣು ಉಳಿಸಿದ ಬಿದಿರಿನ ತುಂಡುಗಳ ಕಟ್ಟನ್ನೋ ಮಳೆ ತಾಗದಂತೆ ಇಡಬಹುದು.

ವಿದ್ಯಾರ್ಥಿಗಳಿಗೊಂದು ಕೆಲಸವಿದೆ. ಬದನೆಯ ಕೆಲವು ಮೊಗ್ಗುಗಳಿಗೆ ತೆಳುಬಟ್ಟೆಯ ಚೀಲ ಕಟ್ಟಿ, ಅಷ್ಟೇ ಮೊಗ್ಗುಗಳನ್ನು ತೆರೆದಿಡಿ. ಬದನೆ ಗಾಳಿಗೂ ಒಂದಿಷ್ಟು ಕಾಯಿ ಕಟ್ಟುತ್ತದೆ. ಹೂವುದುರಿದ ಮೇಲೆ ಎರಡೂ ಕಡೆಯ ಕಾಯಿಗಳನ್ನು ಎಣಿಸಿ, ಜಂತಿಯ ಲೆಕ್ಕ ಹಿಡಿದು ಕೂತ ಮನೆಯ ಹಿರಿಯರಿಗೆ ತೋರಿಸಿ.