ಹಗುರ ಚಕ್ರ ಬಂದ ಹಾದಿ

ರೋಡ್ ಬೈಕ್ ಕೊಂಡು ಒಂದೆರಡು ವರ್ಷ ತುಳಿದವರ ಕಣ್ಣು ಸಾಮಾನ್ಯವಾಗಿ ಮೊದಲು ಬೀಳುವುದು ಚಕ್ರಗಳ ಮೇಲೆ. ಅಂಗಡಿಯಲ್ಲಿ ಒಂದು ಜೊತೆ 1,700 ಗ್ರಾಂ, ಇನ್ನೊಂದು 1,400 ಗ್ರಾಂ. ಬೆಲೆಯಲ್ಲಿ ಮಾತ್ರ ಅಜಗಜಾಂತರ. ಆ 300 ಗ್ರಾಂಗೆ ಅಷ್ಟು ದುಡ್ಡು ಸುರಿಯಬೇಕೇ? ಚಕ್ರ ಹಗುರವಾಗುತ್ತ ಬಂದ ಚರಿತ್ರೆಯಲ್ಲಿ ಇದಕ್ಕೆ ಉತ್ತರವಿದೆ.

ಎತ್ತಿನ ಗಾಡಿಯ ಚಕ್ರದಲ್ಲಿ ಭಾರ ಕೂರುವುದು ನೆಲದ ಕಡೆಗಿರುವ ಮರದ ಅರಗಳ ಮೇಲೆ. ಅವು ದಪ್ಪ ಇರಲೇಬೇಕು. 1808ರಲ್ಲಿ ಇಂಗ್ಲೆಂಡಿನ ಜಾರ್ಜ್ ಕೇಲಿ ಹಾರುವ ಯಂತ್ರಕ್ಕೆ ಹಗುರ ಚಕ್ರ ಬೇಕೆಂದು ಯೋಚಿಸುತ್ತ, ಅರಗಳ ಜಾಗದಲ್ಲಿ ಬಿಗಿದ ಹುರಿಯನ್ನು ಕಲ್ಪಿಸಿಕೊಂಡ. 1869ರಲ್ಲಿ ಪ್ಯಾರಿಸ್ಸಿನ ಯೂಜೀನ್ ಮೇಯೆ ತಂತಿ ಕಡ್ಡಿಯ ಚಕ್ರಕ್ಕೆ ಪೇಟೆಂಟ್ ಪಡೆದ. ಆ ಕಡ್ಡಿಗಳು ಚಕ್ರದ ನಡುವಿನ ಹಬ್‌ನಿಂದ ನೇರವಾಗಿ ಹೊರಡುತ್ತಿದ್ದವು. ಜೋರಾಗಿ ತುಳಿದರೆ ಹಬ್ ತಿರುಚಿಕೊಳ್ಳುತ್ತಿತ್ತು. 1874ರಲ್ಲಿ ಕೊವೆಂಟ್ರಿಯ ಜೇಮ್ಸ್ ಸ್ಟಾರ್ಲಿ ಅವನ್ನು ಓರೆಯಾಗಿ, ಒಂದನ್ನೊಂದು ದಾಟುವಂತೆ ಹೆಣೆದ. ನಮ್ಮೂರಿನ ಹಾಲಿನವರ ಸೈಕಲ್ಲಿನಲ್ಲಿ ಇವತ್ತಿಗೂ ಇರುವುದು ಅದೇ ಹೆಣಿಗೆ.

ಈ ಚಕ್ರ ಭಾರ ಹೊರುವ ಬಗೆ ಬಹಳ ಸೊಗಸಾದದ್ದು. ಪ್ರತಿ ಕಡ್ಡಿಯನ್ನೂ ಮೊದಲೇ ಬಿಗಿದಿರುತ್ತಾರೆ. ಸವಾರ ಕೂತಾಗ ಕೆಳಗಿನ ಕೆಲವು ಕಡ್ಡಿಗಳ ಬಿಗಿ ಸಡಿಲುತ್ತದೆ. ಉಳಿದವುಗಳಲ್ಲಿ ಹೆಚ್ಚೇನೂ ಬದಲಾಗುವುದಿಲ್ಲ. ಜಾಬ್ಸ್ಟ್ ಬ್ರ್ಯಾಂಟ್ 1981ರಲ್ಲಿ ಪ್ರಕಟಿಸಿದ, ಸೈಕಲ್ ಚಕ್ರವನ್ನೇ ಕುರಿತ ಪುಸ್ತಕದಲ್ಲಿ ಇದನ್ನು ಲೆಕ್ಕ ಹಾಕಿ ತೋರಿಸಿದರು. ಹಾಗಾಗಿ ಹಗುರ ಮಾಡಲೆಂದು ಕಡ್ಡಿಗಳನ್ನು ಕಡಿಮೆ ಮಾಡಿದರೆ, ಉಳಿದ ಒಂದೊಂದರ ಮೇಲೂ ಒತ್ತಡ ಏರುತ್ತದೆ, ಹೊರಗಿನ ಬಳೆ, ಅಂದರೆ ರಿಮ್, ಗಟ್ಟಿಯಾಗಬೇಕಾಗುತ್ತದೆ.

ರೇಸ್ ಸೈಕಲ್ಲಿನ ರಿಮ್ ಬಹುಕಾಲ ಹೆಚ್ಚಾಗಿ ಮರದ್ದೇ ಆಗಿತ್ತು. 1934ರ ಟೂರ್ ದ ಫ್ರಾನ್ಸ್ ಗೆದ್ದ ಆಂತೊನಾ ಮಾನ್ಯ್ ಓಡಿಸಿದ್ದು ಮಾವಿಕ್ ಕಂಪನಿಯ ಅಲ್ಯೂಮಿನಿಯಂ ರಿಮ್. ಗುಟ್ಟು ಬಯಲಾಗದಿರಲೆಂದು ಅದಕ್ಕೆ ಮರದ ಬಣ್ಣ ಬಳಿದಿದ್ದರೆಂಬ ಕಥೆ ಇದೆ. ಅಲ್ಲಿಂದ ಅರ್ಧ ಶತಮಾನ ಎಲ್ಲರೂ ತೂಕವನ್ನೇ ನೋಡಿದರು.

ಆ ನಂಬಿಕೆಗೆ ಪೆಟ್ಟು ಬಿದ್ದದ್ದು 1984ರ ಜನವರಿಯಲ್ಲಿ. ಮೆಕ್ಸಿಕೊ ನಗರದ ತೆಳುಗಾಳಿಯಲ್ಲಿ ಇಟಲಿಯ ಫ್ರಾಂಚೆಸ್ಕೊ ಮೋಸೆರ್ ಒಂದು ಗಂಟೆಯಲ್ಲಿ 51.151 ಕಿಲೋಮೀಟರ್ ತುಳಿದರು. ಅದೇ ಊರಿನಲ್ಲಿ 1972ರಲ್ಲಿ ಎಡ್ಡಿ ಮರ್ಕ್ಸ್ ಮಾಡಿದ್ದ ದಾಖಲೆ 49.431. ಮೋಸೆರ್ ಸೈಕಲ್ಲಿಗಿದ್ದದ್ದು ಕಡ್ಡಿಯೇ ಕಾಣದ ತಟ್ಟೆಯಂಥ ಚಕ್ರಗಳು. ಮಾಮೂಲಿ ಚಕ್ರಕ್ಕಿಂತ ಅವು ಭಾರ. ಆದರೂ ಗಾಳಿಯನ್ನು ಕಡಿಮೆ ಕಲಕುವ ಕಾರಣಕ್ಕೆ, ಒಂದೇ ವೇಗದ ಓಟದಲ್ಲಿ ಅವೇ ಮೇಲು. ಈ ಚರಿತ್ರೆಯ ಅತಿ ಮುಖ್ಯ ತಿರುವು ಇದೇ ಎಂದು ನಾನು ತಿಳಿದಿದ್ದೇನೆ.

ಆಗೆಲ್ಲ ಹಬ್, ರಿಮ್, ಕಡ್ಡಿ ಬೇರೆಬೇರೆ ಕೊಂಡು ಮೆಕ್ಯಾನಿಕ್ ಕೈಯಲ್ಲಿ ಹೆಣೆಸುತ್ತಿದ್ದರು. 1990ರ ದಶಕದಲ್ಲಿ ಮಾವಿಕ್‌ನ ಹೀಲಿಯಂನಂಥ ಸಿದ್ಧ ಜೋಡಿಗಳು ಬಂದವು, ಜೊತೆಗೆ ಕಾರ್ಬನ್ ರಿಮ್‌ಗಳೂ ಹರಡಿದವು. 2000ದಲ್ಲಿ ಅಂತರರಾಷ್ಟ್ರೀಯ ಸೈಕ್ಲಿಂಗ್ ಸಂಸ್ಥೆ ಯುಸಿಐ, ರೇಸ್ ಸೈಕಲ್ 6.8 ಕಿಲೋಗಿಂತ ಕಡಿಮೆ ತೂಗಬಾರದೆಂದು ನಿಯಮ ಮಾಡಿತು. ಸೈಕಲ್ಲುಗಳು ಆ ಮಿತಿ ಮುಟ್ಟಿದ ಮೇಲೆ ರೇಸಿನವರಿಗೆ ಇನ್ನಷ್ಟು ಹಗುರದಿಂದ ಲಾಭವಿರಲಿಲ್ಲ. ಗಮನ ಗಾಳಿಯ ಕಡೆ ತಿರುಗಿ ರಿಮ್ ಆಳವಾಯಿತು, ಅಗಲವಾಯಿತು.

ಈಗ ನಮ್ಮ 300 ಗ್ರಾಂ. ಸವಾರ, ಸೈಕಲ್ ಸೇರಿ 80 ಕಿಲೋ ಎಂದುಕೊಳ್ಳಿ. ಉಳಿತಾಯವಾದದ್ದು ನೂರಕ್ಕೆ ಅರ್ಧಪಾಲೂ ಅಲ್ಲ. ನಂದಿ ಬೆಟ್ಟವನ್ನು ಅರ್ಧ ಗಂಟೆಯಲ್ಲಿ ಹತ್ತುವವರಿಗೆ ಆರೇಳು ಸೆಕೆಂಡು ಸಿಗಬಹುದು. ರಿಮ್‌ನಲ್ಲಿ ಉಳಿಸಿದ ಗ್ರಾಂ, ವೇಗ ಏರಿಸುವ ಕ್ಷಣದಲ್ಲಿ ಹೆಚ್ಚುಕಡಿಮೆ ಎರಡರಷ್ಟು ಲೆಕ್ಕಕ್ಕೆ ಬರುತ್ತದೆ ನಿಜ. ಹಬ್‌ನಲ್ಲಿ ಉಳಿಸಿದ್ದಕ್ಕೆ ಆ ಗುಣವಿಲ್ಲ. ಆದ್ದರಿಂದ ಒಟ್ಟು ತೂಕ ಕೇಳಿ ಸುಮ್ಮನಾಗದೆ, ರಿಮ್ ಎಷ್ಟು ತೂಗುತ್ತದೆಂದು ಕೇಳಿ. ಬಯಲಿನಲ್ಲೇ ಹೆಚ್ಚು ಓಡಿಸುವವರಿಗೆ, ಸ್ವಲ್ಪ ಭಾರವಾದರೂ ಆಳದ ರಿಮ್ ಲಾಭ. ಘಾಟಿಯ ಇಳಿಜಾರಿನಲ್ಲಿ ರಿಮ್ ಬ್ರೇಕ್ ಒತ್ತಿಕೊಂಡೇ ಇಳಿಯುವವರು ಕಾರ್ಬನ್ ರಿಮ್ ವಿಚಾರದಲ್ಲಿ ಎಚ್ಚರವಾಗಿರಬೇಕು: ಬಿಸಿ ಅತಿಯಾದರೆ ಅದು ಹಾಳಾಗುತ್ತದೆ. ಗುಂಡಿ ಬಿದ್ದ ರಸ್ತೆಯಾದರೆ 28 ಮಿಲಿಮೀಟರ್ ಟೈರ್ ಚೆನ್ನಾಗಿ ಕೂರುವಷ್ಟು ಅಗಲದ ರಿಮ್ ಇರಲಿ.

ನನ್ನನ್ನು ಕೇಳಿದರೆ, ತೀರಾ ಹಗುರದ ಜೋಡಿಯನ್ನು ಬಿಟ್ಟು ಸುಮಾರು 1,550 ಗ್ರಾಂನ, ಚಕ್ರಕ್ಕೆ 24 ಮಾಮೂಲಿ ಉಕ್ಕಿನ ಕಡ್ಡಿಗಳಿರುವುದನ್ನು ಆರಿಸುತ್ತೇನೆ. ಕಂಪನಿ ತನಗಷ್ಟೇ ಎಂಬಂತೆ ಮಾಡಿಸಿದ ವಿಶೇಷ ಕಡ್ಡಿ ಮುರಿದರೆ, ಬದಲಿ ಬರುವವರೆಗೆ ಸೈಕಲ್ ಗೋಡೆಗೊರಗಿ ನಿಲ್ಲುತ್ತದೆ. ಮಾಮೂಲಿ ಕಡ್ಡಿಯಾದರೆ ಅಳತೆ ನೋಡಿ, ಹಾಕಿ, ಬೆಂಡ್ ತೆಗೆದು ಕೊಡಬಲ್ಲ ಮೆಕ್ಯಾನಿಕ್ ಊರಲ್ಲೇ ಸಿಗುತ್ತಾರೆ.