ಹರಳುಗಟ್ಟಿದ ಜೇನುತುಪ್ಪ: ಗ್ಲೂಕೋಸಿನ ಮೇಲಿನ ಅಪವಾದ



ಈ ದತ್ತಿ ಉಪನ್ಯಾಸ ಯಾರ ಹೆಸರಿನಲ್ಲಿದೆಯೋ ಆ ಮೇಷ್ಟ್ರು ರಸಾಯನಶಾಸ್ತ್ರವನ್ನು ಹಳ್ಳಿಯ ಮಕ್ಕಳಿಗೆ ಕನ್ನಡದಲ್ಲೇ ಕಲಿಸಿದವರು.

1747ರಲ್ಲಿ ಮಾರ್ಗ್ರಾಫ್ ಒಣದ್ರಾಕ್ಷಿಯಿಂದ ಗ್ಲೂಕೋಸನ್ನು ಬೇರ್ಪಡಿಸಿದ್ದು, 1811ರಲ್ಲಿ ಕಿರ್ಖಾಫ್ ಪಿಷ್ಟವನ್ನು ಆಮ್ಲದಲ್ಲಿ ಕುದಿಸಿ ಸಿಹಿ ಪಾಕ ಪಡೆದದ್ದು, ಇಂದು ಕಾರ್ಖಾನೆಗಳು ಮೆಕ್ಕೆಜೋಳದ ಪಿಷ್ಟವನ್ನು ಕಿಣ್ವಗಳಿಂದ ಒಡೆದು ಅದನ್ನು ತಯಾರಿಸುವುದು, ಆಸ್ಪತ್ರೆಯ ಡ್ರಿಪ್, ಭೇದಿಯಾದ ಮಗುವಿಗೆ ಕುಡಿಸುವ ಓಆರ್‌ಎಸ್: ಇವೆಲ್ಲ ಪಠ್ಯಪುಸ್ತಕಗಳಲ್ಲಿ ಸಿಗುತ್ತವೆ. ನಾನು ಚಾಮರಾಜನಗರ ಜಿಲ್ಲೆಯ ಗ್ಲೂಕೋಸಿನ ಬಗ್ಗೆ, ಅಂದರೆ ಜೇನುತುಪ್ಪದೊಳಗಿನ ಗ್ಲೂಕೋಸಿನ ಬಗ್ಗೆ ಮಾತಾಡುತ್ತೇನೆ.

ಬಿಳಿಗಿರಿರಂಗನ ಬೆಟ್ಟದ ಬುಡಕಟ್ಟು ಜನರಾದ ಸೋಲಿಗರು ಹೆಜ್ಜೇನು, ತುಡುವೆ, ಕಡ್ಡಿಜೇನು, ನಸರಿ ಎಂದು ಜೇನನ್ನು ವಿಂಗಡಿಸುತ್ತಾರೆ. ಮಾರಾಟಕ್ಕೆ ಬರುವುದರಲ್ಲಿ ಹೆಚ್ಚಿನ ಪಾಲು ಹೆಜ್ಜೇನಿನದು. ಹೂವಿನ ಮಕರಂದದ ಸುಕ್ರೋಸನ್ನು ಹುಳು ತನ್ನ ಕಿಣ್ವದಿಂದ ಗ್ಲೂಕೋಸ್, ಫ್ರಕ್ಟೋಸ್ ಎಂದು ಒಡೆಯುತ್ತದೆ. ಸಾಮಾನ್ಯ ಜೇನುತುಪ್ಪದಲ್ಲಿ ಫ್ರಕ್ಟೋಸ್ ಸುಮಾರು ಶೇ. 38, ಗ್ಲೂಕೋಸ್ ಸುಮಾರು ಶೇ. 31. ಫ್ರಕ್ಟೋಸ್ ನೀರಿನಲ್ಲಿ ಧಾರಾಳವಾಗಿ ಕರಗಿರುತ್ತದೆ. ಗ್ಲೂಕೋಸಿಗೆ ಆ ಗುಣ ಕಡಿಮೆ. ಚಳಿ ಬಿದ್ದೊಡನೆ, ಹೆಚ್ಚುಕಡಿಮೆ 14 ಡಿಗ್ರಿಯ ಆಸುಪಾಸಿನಲ್ಲಿ, ಅದು ಬೇಗ ಹರಳಾಗಿ ಬಾಟಲಿಯ ತಳಕ್ಕೆ ಕೂರುತ್ತದೆ.

ಆಗ ಗಿರಾಕಿ ಹೇಳುವುದು ಒಂದೇ ಮಾತು: "ಸಕ್ಕರೆ ಬೆರೆಸವ್ರೆ."

ಈ ಮಾತು ಎಷ್ಟು ಅನ್ಯಾಯದ್ದು ಎಂಬುದನ್ನು ಗುಂಡ್ಲುಪೇಟೆಯವರಿಗೆ ವಿವರಿಸುವುದು ಸುಲಭ. ಊಟಿ ರಸ್ತೆಯ ಪ್ರವಾಸಿಗರು ಕಾರು ನಿಲ್ಲಿಸಿ ಫೋಟೋ ತೆಗೆಸಿಕೊಳ್ಳುವ ನಿಮ್ಮ ಸೂರ್ಯಕಾಂತಿ ಹೊಲಗಳಿವೆಯಲ್ಲ, ಆ ಹೂವಿನ ಜೇನುತುಪ್ಪದಲ್ಲಿ ಗ್ಲೂಕೋಸಿನ ಪಾಲು ಹೆಚ್ಚು. ಯಾರೂ ಏನೂ ಬೆರೆಸದಿದ್ದರೂ ಅದು ಬಹುಬೇಗ ಗಟ್ಟಿಯಾಗುತ್ತದೆ. ಫ್ರಕ್ಟೋಸ್ ಹೆಚ್ಚಿರುವ ಪಾಕ ಬೆರೆತ ಬಾಟಲಿಯಾದರೋ ವರ್ಷಗಟ್ಟಲೆ ತಿಳಿಯಾಗಿ ಹೊಳೆಯುತ್ತ ಕೂತಿರಬಲ್ಲದು. ಹರಳನ್ನು ಕಂಡು ಹೆದರುವ ಗಿರಾಕಿ ಕಲಬೆರಕೆಯ ಕೈಗೇ ತನ್ನನ್ನು ಒಪ್ಪಿಸಿಕೊಳ್ಳುತ್ತಾನೆ. ನೀರಿನ ಲೋಟದಲ್ಲಿ ಹನಿ ಬಿಡುವುದು, ಬೆಂಕಿಕಡ್ಡಿ ಅದ್ದಿ ಗೀರುವುದು ಮುಂತಾದ ಮನೆಪರೀಕ್ಷೆಗಳಿಗೂ ಆಧಾರವಿಲ್ಲ. ಅವು ತುಪ್ಪದ ಸಾಂದ್ರತೆ, ತೇವಗಳ ಅಂದಾಜು ಕೊಟ್ಟಾವೇ ಹೊರತು ಸಕ್ಕರೆ ಎಲ್ಲಿಂದ ಬಂತೆಂದು ಹೇಳಲಾರವು.

ಪ್ರಯೋಗಾಲಯಕ್ಕೇ ಇದು ಕಷ್ಟದ ಕೆಲಸ. ಕಬ್ಬು, ಮೆಕ್ಕೆಜೋಳಗಳ ಸಕ್ಕರೆಯನ್ನು ಇಂಗಾಲದ ಸಮಸ್ಥಾನಿಗಳಿಂದ ಪತ್ತೆಹಚ್ಚಬಹುದು. ಅಕ್ಕಿಯ ಪಾಕ ಆ ಬಲೆಯಿಂದ ನುಸುಳಿಕೊಳ್ಳುತ್ತದೆ. 2020ರ ಡಿಸೆಂಬರಿನಲ್ಲಿ ದೆಹಲಿಯ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್‌ಮೆಂಟ್ ಸಂಸ್ಥೆ 13 ಬ್ರಾಂಡುಗಳ ಜೇನುತುಪ್ಪವನ್ನು ಪರೀಕ್ಷೆಗೆ ಕಳಿಸಿದಾಗ, ಎನ್‌ಎಂಆರ್ (ಪರಮಾಣು ಕಾಂತೀಯ ಅನುರಣನ) ಪರೀಕ್ಷೆ ಸೇರಿದಂತೆ ಎಲ್ಲವನ್ನೂ ದಾಟಿದ್ದು ಮೂರು ಮಾತ್ರ.

ಇನ್ನು ನನ್ನ ಮುಖ್ಯ ತಕರಾರು. ಅದು ತೇವಾಂಶದ ಮಿತಿಯ ಕುರಿತದ್ದು. ಹಳೆಯ ಆಹಾರ ಕಲಬೆರಕೆ ತಡೆ ನಿಯಮಗಳಲ್ಲಿ ಜೇನುತುಪ್ಪಕ್ಕೆ ಶೇ. 25ರವರೆಗೆ ತೇವಾಂಶ ಇರಬಹುದಿತ್ತು. ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ಮಾನಕ ಅದನ್ನು ಶೇ. 20ಕ್ಕೆ ಇಳಿಸಿತು. ಹೆಜ್ಜೇನು ಬಯಲಿನಲ್ಲಿ, ಕೊಂಬೆಗೋ ಬಂಡೆಗೋ ಒಂದೇ ಹಲ್ಲೆ ಕಟ್ಟುತ್ತದೆ. ಏಪ್ರಿಲಿನಿಂದ ಜೂನಿನವರೆಗೆ, ಮುಂಗಾರಿನ ಹಸಿಗಾಳಿ ಬೀಸುವ ಹೊತ್ತಿಗೆ ಇಳಿಸಿದ ಅದರ ತುಪ್ಪ ಶೇ. 20ರ ಗೆರೆಯನ್ನು ಮೇಲಿಂದ ಮೇಲೆ ದಾಟುವುದನ್ನು ತೇವಾಂಶ ಅಳೆಯುವ ರಿಫ್ರ್ಯಾಕ್ಟೋಮೀಟರಿನಲ್ಲಿ ನಾನೇ ನೋಡುತ್ತ ಬಂದಿದ್ದೇನೆ. ಅದು ಹುಳುವಿನ ಸ್ವಭಾವ, ಕಾಡಿನ ಹವೆ. ಸೋಲಿಗನ ವಂಚನೆ ಅದರಲ್ಲಿಲ್ಲ.

ಮಿತಿಯನ್ನು ಸಮರ್ಥಿಸುವ ಆಹಾರ ವಿಜ್ಞಾನಿ ಮಿತ್ರರು ಹುದುಗುವಿಕೆಯ ಮಾತು ತೆಗೆಯುತ್ತಾರೆ. ಅವರ ಮಾತಿನಲ್ಲಿ ಹುರುಳಿದೆ. ನೀರು ಹೆಚ್ಚಿದರೆ ಯೀಸ್ಟ್ ಬೆಳೆಯುತ್ತದೆ. ಗ್ಲೂಕೋಸ್ ಹರಳಾದಾಗ ಉಳಿದ ದ್ರವ ಇನ್ನಷ್ಟು ನೀರಾಗುವುದರಿಂದ ಅಪಾಯ ಏರುತ್ತದೆ. ಆದರೆ ಅಂತರರಾಷ್ಟ್ರೀಯ ಕೋಡೆಕ್ಸ್ ಮಾನಕ ಎಲ್ಲರಿಗೂ ಶೇ. 20 ಎನ್ನುತ್ತಲೇ, ಯುರೋಪಿನ ಹೆದರ್ ಹೂವಿನ ಜೇನುತುಪ್ಪಕ್ಕೆ ಶೇ. 23ರ ವಿನಾಯಿತಿ ಕೊಟ್ಟಿದೆ. ಅಲ್ಲಿನ ಹೂವಿನ ಸ್ವಭಾವಕ್ಕೆ ಸಿಕ್ಕ ಮನ್ನಣೆ ಇಲ್ಲಿನ ಹುಳುವಿನ ಸ್ವಭಾವಕ್ಕೆ ಏಕಿಲ್ಲ? ಈ ಪ್ರಶ್ನೆಗೆ ಮಿತ್ರರಿಂದ ನನಗೆ ತೃಪ್ತಿಕರ ಉತ್ತರ ಸಿಕ್ಕಿಲ್ಲ.

ಗೆರೆಯೊಳಗೆ ತರಬೇಕೆಂದು ತುಪ್ಪವನ್ನು ಹೆಚ್ಚು ಕಾಯಿಸಿದರೆ ಗ್ಲೂಕೋಸ್ ಆಕ್ಸಿಡೇಸ್ ಕಿಣ್ವ ನಾಶವಾಗುತ್ತದೆ. ಗ್ಲೂಕೋಸಿನಿಂದ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸಿ ಜೇನಿಗೆ ಸೂಕ್ಷ್ಮಾಣು ತಡೆಯುವ ಶಕ್ತಿ ಕೊಡುವುದು ಆ ಕಿಣ್ವವೇ. ಗುಣ ಕಳೆದು ಮಾನಕ ಉಳಿಸಿಕೊಳ್ಳುವ ಈ ದಾರಿಯನ್ನು ನಾನು ಒಪ್ಪಲಾರೆ. ನಿರ್ವಾತದಲ್ಲಿ ಕಡಿಮೆ ಶಾಖಕ್ಕೆ ತೇವ ತೆಗೆಯುವ ಯಂತ್ರಗಳಿವೆ. ಅವು ದುಬಾರಿ, ಹಾಡಿಯ ಜನ ಕೊಳ್ಳುವಂಥವಲ್ಲ. ಇಲ್ಲಿ ಹಕ್ಕಿನ ಪ್ರಶ್ನೆಯೂ ಇದೆ. ಬಿಳಿಗಿರಿರಂಗನ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾದ ವರ್ಷವೇ, 2011ರಲ್ಲೇ, ಇಲ್ಲಿನ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕುಪತ್ರ ಸಿಕ್ಕಿತು. ಜೇನು ಇಳಿಸುವ ಹಕ್ಕು ಕೊಟ್ಟ ಸರ್ಕಾರದ ಇನ್ನೊಂದು ಕೈ ಅದೇ ಜೇನನ್ನು ಕಳಪೆ ಎನ್ನಬಾರದು.

ಹೆಜ್ಜೇನಿಗೆ ಪ್ರತ್ಯೇಕ ದರ್ಜೆ ಬೇಕು: ತೇವಾಂಶ ಶೇ. 25ರವರೆಗೆ, ಅದರ ಜೊತೆಗೆ ಯೀಸ್ಟ್ ಎಣಿಕೆಗೆ ಕಟ್ಟುನಿಟ್ಟಿನ ಮಿತಿ. ನಮ್ಮದೇ ಭಾರತೀಯ ಮಾನಕ ಐಎಸ್ 4941 ಜೇನುತುಪ್ಪವನ್ನು ಶೇ. 20, 22, 25 ಎಂದು ಮೂರು ದರ್ಜೆ ಮಾಡಿತ್ತು. ದಾರಿ ಹೊಸದೇನಲ್ಲ. ಮೇಷ್ಟ್ರ ಶಿಷ್ಯರಲ್ಲಿ ಹಲವರು ಇಂದು ಪ್ರಯೋಗಾಲಯಗಳಲ್ಲಿದ್ದಾರೆ. ಪ್ರತಿ ಹಂಗಾಮಿನಲ್ಲೂ ಬೆಟ್ಟದ ತುಪ್ಪದ ತೇವಾಂಶ, ಗ್ಲೂಕೋಸ್, ಫ್ರಕ್ಟೋಸ್ ಅಳೆದು ದಾಖಲೆ ಇಟ್ಟರೆ ಪ್ರಾಧಿಕಾರದ ಮುಂದಿಡಲು ನಮ್ಮ ಕೈಯಲ್ಲಿ ಪುರಾವೆ ಇರುತ್ತದೆ. ಈ ಮುಂಗಾರಿಗೆ ಮುಂಚೆಯೇ ಅದು ಶುರುವಾಗಲಿ ಎಂದು ಕೇಳಿಕೊಳ್ಳುತ್ತೇನೆ.