ಕಾಣೆಯಾದ ಎರಡು ಗಂಟೆ



ಅನ್ಯಗ್ರಹದವರು ತಮ್ಮನ್ನು ಹೊತ್ತೊಯ್ದರು ಎನ್ನುವವರ ಬಗ್ಗೆ ಈ ದತ್ತಿ ಉಪನ್ಯಾಸದಲ್ಲಿ ಮಾತಾಡುತ್ತೇನೆ ಎಂದು ಪತ್ರ ಬರೆದೆ. ಸಂಚಾಲಕರು ಫೋನ್ ಮಾಡಿ, "ಸಾರ್, ಇದು ತಮಾಷೆಗೆ ತಾನೇ?" ಎಂದರು. ಅಲ್ಲ ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ನನ್ನ ವಿಷಯ ಶುರುವಾಗುವುದೇ ಆ ಮೌನದಿಂದ. ಇಂಥ ಮಾತು ಕಿವಿಗೆ ಬಿದ್ದೊಡನೆ ನಮಗೆ ಹೊಳೆಯುವ ದಾರಿಗಳು ಎರಡೇ: ನಗುವುದು, ಇಲ್ಲವೇ ನಂಬಿಬಿಡುವುದು.

ಮೊದಲು ಒಂದು ಸಣ್ಣ ಕೆಲಸ. ಕೆಲವು ಪದ ಹೇಳುತ್ತೇನೆ, ಬರೆದುಕೊಳ್ಳಬೇಡಿ, ಸುಮ್ಮನೆ ಕೇಳಿ. ಹಾಸಿಗೆ, ದಿಂಬು, ಆಕಳಿಕೆ, ಕಂಬಳಿ, ಗೊರಕೆ, ರಾತ್ರಿ, ಕನಸು, ದಣಿವು, ತೂಕಡಿಕೆ, ಜೋಗುಳ. ಆಯಿತು. ಇದಕ್ಕೆ ಆಮೇಲೆ ಬರುತ್ತೇನೆ.

1961ರ ಸೆಪ್ಟೆಂಬರ್ 19ರ ರಾತ್ರಿ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯ. ಬೆಟ್ಟಿ ಮತ್ತು ಬಾರ್ನಿ ಹಿಲ್ ಎಂಬ ದಂಪತಿ ನಯಾಗರಾ, ಮಾಂಟ್ರಿಯಲ್ ನೋಡಿಕೊಂಡು ತಮ್ಮೂರು ಪೋರ್ಟ್ಸ್‌ಮತ್‌ಗೆ ಕಾರಿನಲ್ಲಿ ಮರಳುತ್ತಿದ್ದರು. ಜೊತೆಗೆ ಡೆಲ್ಸಿ ಎಂಬ ಪುಟ್ಟ ನಾಯಿ. ವೈಟ್ ಮೌಂಟನ್ಸ್ ಎಂಬ ಬೆಟ್ಟಸಾಲಿನ ನಡುವೆ ಹಾಯುವ ಮೂರನೇ ನಂಬರಿನ ರಸ್ತೆ, ಅಪರಾತ್ರಿ, ಎದುರಿಗೆ ಬೇರೆ ಗಾಡಿಯಿಲ್ಲ. ಆಕಾಶದಲ್ಲೊಂದು ಬೆಳಕು ತಮ್ಮ ಜೊತೆಗೇ ಬರುತ್ತಿದೆ ಎಂದು ಬೆಟ್ಟಿಗೆ ಅನ್ನಿಸಿತು. ನಿಲ್ಲಿಸಿದರು, ನೋಡಿದರು, ಮತ್ತೆ ಹೊರಟರು. ಇಂಡಿಯನ್ ಹೆಡ್ ಎಂಬಲ್ಲಿ ಬಾರ್ನಿ ಇಳಿದು ಬೈನಾಕ್ಯುಲರ್ ಹಿಡಿದು ನೋಡಿದ. ಕಿಟಕಿಗಳ ಸಾಲು, ಅದರ ಹಿಂದೆ ತನ್ನನ್ನೇ ದಿಟ್ಟಿಸುವ ಆಕೃತಿಗಳು. ನಮ್ಮನ್ನು ಹಿಡಿಯುತ್ತಾರೆ ಎಂದು ಕೂಗುತ್ತ ಓಡಿ ಬಂದು ಕಾರು ಬಿಟ್ಟ. ಡಿಕ್ಕಿಯ ಕಡೆಯಿಂದ ಬೀಪ್ ಬೀಪ್ ಎಂಬ ಸದ್ದು ಕೇಳಿಸಿತಂತೆ. ಮನೆ ಮುಟ್ಟಿದಾಗ ಬೆಳಕು ಹರಿಯುವ ಹೊತ್ತು. ಆಮೇಲೆ ಲೆಕ್ಕ ಹಾಕಿದಾಗ ದಾರಿಗೆ ಬೇಕಾದ್ದಕ್ಕಿಂತ ಸುಮಾರು ಎರಡು ಗಂಟೆ ಹೆಚ್ಚು ಹಿಡಿದಿತ್ತು.

ನಮಗೆ ಗೊತ್ತಿರುವ ಹೊತ್ತೊಯ್ದ ಕತೆಗಳೆಲ್ಲ, ಅಂದರೆ ಬೋಳು ತಲೆ, ದೊಡ್ಡ ಕಣ್ಣು, ಮೇಜಿನ ಮೇಲೆ ಮಲಗಿಸಿ ಪರೀಕ್ಷೆ, ಹೊಟ್ಟೆಗೆ ಸೂಜಿ, ಇವೆಲ್ಲ ಹೆಚ್ಚುಕಡಿಮೆ ಈ ದಂಪತಿಯಿಂದಲೇ ಹಬ್ಬಿದವು. ಆದರೆ ಆ ಬೆಳಗ್ಗೆ ಅವರ ಬಳಿ ಇದ್ದದ್ದು ಒಂದು ಬೆಳಕು, ಒಂದು ಭಯ, ಕಾಣೆಯಾದ ಎರಡು ಗಂಟೆ. ಅಷ್ಟೇ. ಮೇಜು, ಸೂಜಿ ಎಲ್ಲ ಆಮೇಲೆ ಬಂದವು. ಹೇಗೆ ಬಂದವು ಎನ್ನುವುದರಲ್ಲೇ ಇಡೀ ವಿಷಯವಿದೆ.

ಎರಡು ದಿನದಲ್ಲಿ ಅವರು ಹತ್ತಿರದ ಪೀಸ್ ವಾಯುನೆಲೆಗೆ ದೂರು ಕೊಟ್ಟರು. ಬೆಟ್ಟಿ ಲೈಬ್ರರಿಗೆ ಹೋಗಿ ಹಾರುವ ತಟ್ಟೆಗಳ ಬಗ್ಗೆ ಡೊನಾಲ್ಡ್ ಕೀಹೋ ಬರೆದ ಪುಸ್ತಕ ತಂದು ಓದಿದಳು. ಅವನಿಗೊಂದು ಕಾಗದವನ್ನೂ ಬರೆದಳು. ಘಟನೆಯಾಗಿ ಸುಮಾರು ಹತ್ತು ದಿನಕ್ಕೆ, ಸಾಲಾಗಿ ಐದು ರಾತ್ರಿ, ಕನಸು ಬಿದ್ದವು: ಅಡ್ಡಗಟ್ಟಿದ ಗುಂಪು, ನೌಕೆ, ಪರೀಕ್ಷೆ. ಆ ಕನಸಿನವರಿಗೆ ದೊಡ್ಡ ಮೂಗಿತ್ತು, ಕಪ್ಪು ಕೂದಲಿತ್ತು. ಅವಳು ಅದನ್ನೆಲ್ಲ ಬರೆದಿಟ್ಟಳು, ಬಂದವರಿಗೆ ಹೇಳಿದಳು. ಪಕ್ಕದಲ್ಲಿ ಕೂತು ಬಾರ್ನಿಯೂ ಕೇಳಿದ.

ಬಾರ್ನಿಗೆ ಹೊಟ್ಟೆಹುಣ್ಣು, ರಕ್ತದೊತ್ತಡ. ಮದ್ದಿಗೆ ಜಗ್ಗದಾದಾಗ ಅವರು ಬಾಸ್ಟನ್‌ನ ಮನೋವೈದ್ಯ ಬೆಂಜಮಿನ್ ಸೈಮನ್ ಅವರ ಬಳಿಗೆ ಹೋದರು. 1964ರ ಮೊದಲ ಆರು ತಿಂಗಳು ಸೈಮನ್ ಇಬ್ಬರನ್ನೂ ಬೇರೆ ಬೇರೆಯಾಗಿ ಸಂಮೋಹನಕ್ಕೆ ಒಳಪಡಿಸಿ ಮಾತನ್ನೆಲ್ಲ ಟೇಪಿನಲ್ಲಿ ಹಿಡಿದರು. ಬೆಟ್ಟಿ ಕನಸಿನ ಕತೆಯನ್ನೇ ನೆನಪೆಂದು ಹೇಳಿದಳು. ಬಾರ್ನಿ ಅದೇ ಕತೆಯ ತೆಳ್ಳನೆಯ ರೂಪವನ್ನು, ಕಿರುಚುತ್ತ, ಅಳುತ್ತ ಹೇಳಿದ.

ಸೈಮನ್ ಏನೆಂದರು? ಜನ ಮರೆಯುವುದು ಇದನ್ನೇ. ಹೊತ್ತೊಯ್ದ ಭಾಗ ನಡೆದದ್ದಲ್ಲ, ಅದು ಬೆಟ್ಟಿಯ ಕನಸಿನಿಂದ ಗಂಡನಿಗೂ ದಾಟಿದ್ದು ಎಂಬುದು ಅವರ ಅಭಿಪ್ರಾಯ. ಈ ದಂಪತಿ ಸುಳ್ಳು ಹೇಳುತ್ತಿದ್ದಾರೆ ಎಂದು ಮಾತ್ರ ಅವರು ಹೇಳಲಿಲ್ಲ. ಅವರ ಸಂಕಟವನ್ನು ರೋಗಿಯ ಸಂಕಟವಾಗಿಯೇ ಕಂಡು ಮದ್ದು ಮಾಡಿದರು. ಅರವತ್ತು ವರ್ಷಗಳ ಈ ಜಗಳದಲ್ಲಿ ನನಗೆ ಅತ್ಯಂತ ಇಷ್ಟವಾದ ಮನುಷ್ಯ ಇವರೇ. ಮನುಷ್ಯನನ್ನು ನಂಬಿದರು, ಕತೆಯನ್ನು ನಂಬಲಿಲ್ಲ.

ಆದರೆ 1965ರಲ್ಲಿ ಬಾಸ್ಟನ್‌ನ ಪತ್ರಿಕೆಯೊಂದು ಇದನ್ನು ಹೊರಹಾಕಿತು. ಮರುವರ್ಷ ಜಾನ್ ಫುಲ್ಲರ್ ಪುಸ್ತಕ ಬರೆದ, 1975ರಲ್ಲಿ ಟೀವಿ ಸಿನಿಮಾ ಬಂತು. ಆಮೇಲೆ ತಮ್ಮನ್ನು ಹೊತ್ತೊಯ್ದರು ಎನ್ನುವವರ ಸಂಖ್ಯೆಗೆ ಲೆಕ್ಕವಿಲ್ಲ.

ಲೆಕ್ಕವಿಲ್ಲ ಎಂದೆ, ಲೆಕ್ಕ ಹಾಕಿದವರೂ ಇದ್ದರು. 1991ರಲ್ಲಿ ರೋಪರ್ ಸಂಸ್ಥೆಯಿಂದ ಸಮೀಕ್ಷೆ ಮಾಡಿಸಿ, ಅಮೆರಿಕದಲ್ಲಿ 37 ಲಕ್ಷ ಜನರನ್ನು ಹೊತ್ತೊಯ್ದಿರಬಹುದು ಎಂದು ಸಾರಿದರು. ನಿಮ್ಮನ್ನು ಹೊತ್ತೊಯ್ದರೇ ಎಂದು ಯಾರನ್ನೂ ಕೇಳಿರಲಿಲ್ಲ. ಐದು ಪ್ರಶ್ನೆ ಕೇಳಿದ್ದರು, ನಾಲ್ಕಕ್ಕೆ ಹೌದು ಎಂದರೆ ನೀವು ಹೋಗಿಬಂದವರು. ಐದರಲ್ಲಿ ಒಂದು ಹೀಗೆ: ಮಲಗಿದ್ದಾಗ ಎಚ್ಚರವಾಗಿ, ಮೈ ಅಲ್ಲಾಡಿಸಲಾಗದೆ, ಕೋಣೆಯಲ್ಲಿ ಯಾರೋ ಇದ್ದಾರೆ ಅನ್ನಿಸಿದ್ದುಂಟೇ?

ಹಾಗಾದರೆ ನನ್ನ ಸೋದರತ್ತೆಯೂ ಹೋಗಿಬಂದವಳೇ. ಎದೆಯ ಮೇಲೆ ಏನೋ ಕೂತು ಅಮುಕುತ್ತದೆ, ಕೂಗಿದರೆ ದನಿ ಬರುವುದಿಲ್ಲ ಎನ್ನುತ್ತಿದ್ದಳು. ಅಜ್ಜಿ ದಿಂಬಿನ ಕೆಳಗೆ ಕುಡುಗೋಲು ಇಡುತ್ತಿದ್ದಳು. ಹಾಸ್ಟೆಲಿನಲ್ಲಿದ್ದಾಗ ನನಗೂ ಎರಡು ಸಲ ಆಗಿದೆ. ಬಾಗಿಲ ಬಳಿ ಯಾರೋ ನಿಂತಿದ್ದರು. ಈಗಲೂ ಆ ನಿಂತ ಭಂಗಿ ಕಣ್ಣಿಗೆ ಕಟ್ಟಿದಂತಿದೆ. ಕನಸು ಕಾಣುವ ಹೊತ್ತಿನಲ್ಲಿ ಮಿದುಳು ನಮ್ಮ ಸ್ನಾಯುಗಳಿಗೆ ಬೀಗ ಹಾಕಿರುತ್ತದೆ. ಇಲ್ಲದಿದ್ದರೆ ಕನಸಿನಲ್ಲಿ ಓಡಿದವರು ಗೋಡೆಗೆ ಹೋಗಿ ಬಡಿಯಬೇಕಿತ್ತು. ಒಮ್ಮೊಮ್ಮೆ ಬೀಗ ತೆಗೆಯುವ ಮೊದಲೇ ಎಚ್ಚರವಾಗುತ್ತದೆ. ಕಣ್ಣು ತೆರೆದಿದೆ, ಕೋಣೆ ಕಾಣುತ್ತಿದೆ, ಕನಸು ಇನ್ನೂ ಮುಗಿದಿಲ್ಲ. ಆಗ ಬರುವವರು ಊರೂರಿಗೆ ಬೇರೆ. ಕೆನಡಾದ ನ್ಯೂಫೌಂಡ್‌ಲ್ಯಾಂಡಿನಲ್ಲಿ ಮುದುಕಿ ಬಂದು ಎದೆಯ ಮೇಲೆ ಕೂರುತ್ತಾಳೆ. ಜಪಾನಿನಲ್ಲಿ ಇದಕ್ಕೆ ಕಾನಾಶಿಬಾರಿ ಎಂಬ ಹೆಸರೇ ಇದೆ. ನಮ್ಮಲ್ಲಿ ದೆವ್ವ. 1975ರ ನಂತರದ ಅಮೆರಿಕದಲ್ಲಿ ಬೋಳುತಲೆಯವರು.

ಒಂದು ಮಾತು ಸ್ಪಷ್ಟವಾಗಿರಲಿ. ಇದು ಮಲಗುವ ಕೋಣೆಯ ಕತೆಗಳಿಗೆ ಸಲ್ಲುವ ವಿವರಣೆ, ಹಿಲ್ ದಂಪತಿಗಲ್ಲ. ಅವರು ಕಾರಿನಲ್ಲಿ ಕೂತಿದ್ದರು. ಒಂದೇ ಕೀಲಿಯಿಂದ ಎಲ್ಲ ಬಾಗಿಲನ್ನೂ ತೆರೆಯುತ್ತೇವೆ ಎನ್ನುವ ವಿಚಾರವಾದಿ ಮಿತ್ರರ ಉತ್ಸಾಹ ನನಗೆ ಹಿಡಿಸುವುದಿಲ್ಲ. 1964ರ ಫೆಬ್ರವರಿ 10ರಂದು ಟೀವಿ ಧಾರಾವಾಹಿಯೊಂದರಲ್ಲಿ ವಿಚಿತ್ರ ಕಣ್ಣಿನ ಜೀವಿ ಬಂತು, ಹನ್ನೆರಡು ದಿನಕ್ಕೆ ಬಾರ್ನಿ ಸಂಮೋಹನದಲ್ಲಿ ಅಂಥದೇ ಕಣ್ಣಿನ ಬಗ್ಗೆ ಹೇಳಿದ ಎಂಬ ವಾದವಿದೆ. ಆ ಧಾರಾವಾಹಿ ನೋಡಿಯೇ ಇಲ್ಲ ಎಂದಳು ಬೆಟ್ಟಿ. ಎರಡು ತಾರೀಖು ಹತ್ತಿರ ಬಂದವು ಎನ್ನುವುದೇ ಪುರಾವೆಯಾದರೆ ನಮಗೂ ತಟ್ಟೆ ನಂಬುವವರಿಗೂ ಏನು ವ್ಯತ್ಯಾಸ?

ಈಗ ಆ ಪದಗಳ ಪಟ್ಟಿಗೆ ಬರೋಣ. ನಾನು ಹೇಳಿದ ಪದಗಳಲ್ಲಿ 'ಜೋಗುಳ' ಇತ್ತೇ? ಇತ್ತು. 'ನಿದ್ದೆ' ಇತ್ತೇ? ಕೈ ಎತ್ತಿ. (ಸಭೆಯಲ್ಲಿ ಬಹಳಷ್ಟು ಕೈಗಳು ಮೇಲೆದ್ದವು.) ಇರಲಿಲ್ಲ. ಈ ಪುಸ್ತಿಕೆ ಓದುವವರು ಪುಟ ತಿರುಗಿಸಿ ನೋಡಬಹುದು. ಸುತ್ತಮುತ್ತಲ ಪದಗಳನ್ನು ಕೇಳಿದ ಮನಸ್ಸು ನಡುವಿನ ಪದವನ್ನು ತಾನೇ ಇಟ್ಟುಕೊಂಡಿತು. ಕೈ ಎತ್ತಿದವರು ಸುಳ್ಳುಗಾರರಲ್ಲ, ದಡ್ಡರಲ್ಲ, ಹುಚ್ಚರಂತೂ ಅಲ್ಲವೇ ಅಲ್ಲ.

ಹಾರ್ವರ್ಡಿನಲ್ಲಿ ಸೂಸನ್ ಕ್ಲಾನ್ಸಿ, ರಿಚರ್ಡ್ ಮ್ಯಾಕ್‌ನ್ಯಾಲಿ ಮತ್ತು ಸಂಗಡಿಗರು ಇದೇ ಬಗೆಯ ಪಟ್ಟಿಗಳನ್ನು, ತಮ್ಮನ್ನು ಹೊತ್ತೊಯ್ದರು ಎನ್ನುವವರ ಮುಂದಿಟ್ಟರು. ಇಲ್ಲದ ಪದ ಇತ್ತು ಎನ್ನುವುದು ಅವರಲ್ಲಿ ಉಳಿದವರಿಗಿಂತ ಹೆಚ್ಚಿತ್ತು. 2002ರಲ್ಲಿ ಅದು ಪ್ರಕಟವಾಯಿತು. ಎರಡು ವರ್ಷದ ಮೇಲೆ ಬಂದ ಇನ್ನೊಂದು ಪ್ರಯೋಗ ನನ್ನನ್ನು ಹೆಚ್ಚು ಕಾಡಿದ್ದು. ಹತ್ತು ಮಂದಿಗೆ ಅವರವರ ಕತೆಯನ್ನೇ ಓದಿ ಕೇಳಿಸಿ ಎದೆಬಡಿತ, ಅಂಗೈ ಬೆವರು ಅಳೆದರು. ಯುದ್ಧದಂಥ ನಿಜವಾದ ಆಘಾತ ಕಂಡವರ ಮೈ ಹೇಗೆ ನಡುಗುತ್ತದೋ ಹಾಗೇ ಇವರ ಮೈಯೂ ನಡುಗಿತು. ಅಂದರೆ, ಅಷ್ಟು ಅತ್ತವನು ಸುಳ್ಳು ಹೇಳುತ್ತಾನೆಯೇ ಎಂಬ ನಮ್ಮ ಹಳೆಯ ಪರೀಕ್ಷೆ ಇಲ್ಲಿ ಕೆಲಸಕ್ಕೆ ಬಾರದು. ಕಣ್ಣೀರು ನಂಬಿಕೆಗೆ ಸಾಕ್ಷಿಯೇ ಹೊರತು ಘಟನೆಗಲ್ಲ.

ಅದೇ ಹಾರ್ವರ್ಡಿನ ಜಾನ್ ಮ್ಯಾಕ್ ಎಡವಿದ್ದು ಇಲ್ಲೇ ಎಂದು ನನ್ನ ಎಣಿಕೆ. ಅವರು ಸಾಮಾನ್ಯರಲ್ಲ. ಮನೋವೈದ್ಯ, ಟಿ. ಇ. ಲಾರೆನ್ಸ್ ಜೀವನಚರಿತ್ರೆಗೆ 1977ರ ಪುಲಿಟ್ಜರ್ ಪಡೆದವರು. ತಮ್ಮನ್ನು ಹೊತ್ತೊಯ್ದರು ಎನ್ನುವವರಲ್ಲಿ ಮನೋರೋಗ ಕಾಣದ್ದರಿಂದ, ಅವರ ಭಯ ಅಸಲಿಯಾದ್ದರಿಂದ, ಕತೆಯಲ್ಲೂ ಏನೋ ಇರಲೇಬೇಕು ಎಂದು 1994ರಲ್ಲಿ ಪುಸ್ತಕ ಬರೆದರು. ಅವರ ಬಳಿಗೆ ಹೋಗಿದ್ದ ಬರಹಗಾರ್ತಿಯೊಬ್ಬಳು, ನೌಕೆಯಲ್ಲಿ ಕೆನಡಿ ಮತ್ತು ಕ್ರುಶ್ಚೇವರನ್ನು ಕಂಡೆ ಎಂದು ಬೇಕೆಂದೇ ಹೆಣೆದು ಹೇಳಿದೆ, ಅದನ್ನೂ ಒಪ್ಪಿಕೊಂಡರು ಎಂದು ಟೈಮ್ ಪತ್ರಿಕೆಗೆ ಹೇಳಿದಳು. ವಿಶ್ವವಿದ್ಯಾಲಯ ವಿಚಾರಣಾ ಸಮಿತಿ ನೇಮಿಸಿತು, ಕೊನೆಗೆ ಅವರ ಹುದ್ದೆಗೆ ಕೈಹಚ್ಚಲಿಲ್ಲ. ಅದು ಸರಿಯಾದ ನಿರ್ಧಾರವೇ. ತಪ್ಪಾಗಿ ಯೋಚಿಸುವ ಸ್ವಾತಂತ್ರ್ಯವಿಲ್ಲದ ಕಡೆ ಸರಿಯಾಗಿ ಯೋಚಿಸುವವರೂ ಹೆಚ್ಚು ದಿನ ಉಳಿಯರು.

ಈ ಕತೆಗಳಲ್ಲಿ ಸಂಮೋಹನಕ್ಕೆ ಇಷ್ಟು ಮರ್ಯಾದೆ ಏಕೆ? ಎಚ್ಚರದ ಮನಸ್ಸು ಬಚ್ಚಿಡುತ್ತದೆ, ಅದನ್ನು ಮಂಕಾಗಿಸಿದರೆ ನಿಜ ತಾನಾಗಿ ಹೊರಬರುತ್ತದೆ ಎಂಬ ನಂಬಿಕೆ. ಇದು ಅಮೆರಿಕದ್ದೊಂದೇ ಎಂದುಕೊಳ್ಳಬೇಡಿ. ಬೆಂಗಳೂರಿನ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ ಆರೋಪಿಗಳಿಗೆ ಮಂಪರು ಪರೀಕ್ಷೆ ಮಾಡುತ್ತಿದ್ದ ಕಾಲ ನಿಮಗೆ ನೆನಪಿರಬಹುದು. ಛಾಪಾಕಾಗದ ಹಗರಣದ ಆರೋಪಿ ಔಷಧದ ಅಮಲಿನಲ್ಲಿ ತೊದಲಿದ್ದನ್ನು ಟೀವಿಯಲ್ಲಿ ದೇಶವೇ ನೋಡಿತು. 2010ರ ಮೇ ತಿಂಗಳಲ್ಲಿ, ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ಒಪ್ಪಿಗೆಯಿಲ್ಲದೆ ಇಂಥ ಪರೀಕ್ಷೆ ಮಾಡಕೂಡದು ಎಂದಿತು. ಒಪ್ಪಿ ಮಾಡಿಸಿಕೊಂಡರೂ ಆ ಮಾತೇ ಸಾಕ್ಷಿಯಾಗದು. ಆ ಮಾತಿನ ಜಾಡು ಹಿಡಿದು ಹೋದಾಗ ಏನಾದರೂ ವಸ್ತು ಸಿಕ್ಕರೆ, ಅದು ಬೇರೆ ವಿಷಯ.

ಈ ಕಡೆಯ ವಾಕ್ಯವನ್ನು ಹಿಲ್ ಪ್ರಕರಣಕ್ಕೆ ಹಚ್ಚಿ ನೋಡಿ. ಮಾತಿನ ಜಾಡು ಹಿಡಿದರೆ ಸಿಗಬಹುದಾಗಿದ್ದ ವಸ್ತು ಒಂದೇ ಇತ್ತು: ನೌಕೆಯಲ್ಲಿ ಕಂಡೆ ಎಂದು ಬೆಟ್ಟಿ ಬರೆದುಕೊಟ್ಟ ನಕ್ಷತ್ರಪಟ. ಒಹಾಯೋದ ಮಾರ್ಜರಿ ಫಿಶ್ ಎಂಬ ಶಾಲಾ ಶಿಕ್ಷಕಿ ದಾರದಲ್ಲಿ ಮಣಿ ತೂಗುಹಾಕಿ ಸೂರ್ಯನ ಸುತ್ತಲ ನಕ್ಷತ್ರಗಳ ಮಾದರಿ ಕಟ್ಟಿದಳು. ಒಂದು ಕೋನದಿಂದ ನೋಡಿದಾಗ ಬೆಟ್ಟಿಯ ಚಿತ್ರ ಹೊಂದಿದಂತೆ ಕಂಡಿತು. ಬಂದವರ ಮನೆ ಸುಮಾರು 39 ಜ್ಯೋತಿರ್ವರ್ಷ ದೂರದ ಝೀಟಾ ರೆಟಿಕ್ಯುಲಿ ಎಂದಾಯಿತು. ಮಣಿಗಳನ್ನು ಕಟ್ಟಿದ ಆ ತಾಳ್ಮೆಗೆ ನಾನು ಕೈಮುಗಿಯುತ್ತೇನೆ. ಅಷ್ಟು ಚುಕ್ಕೆಗಳಿದ್ದರೆ, ಬೇಕಾದ ಕೋನ ಆರಿಸುವ ಸ್ವಾತಂತ್ರ್ಯವಿದ್ದರೆ ಯಾವ ಚಿತ್ರವಾದರೂ ಹೊಂದುತ್ತದೆ ಎಂದು ಖಗೋಳವಿಜ್ಞಾನಿ ಕಾರ್ಲ್ ಸೇಗನ್ ಆಗಲೇ ವಾದಿಸಿದ್ದರು. ಮುಂದೆ ಹಿಪ್ಪಾರ್ಕಸ್ ಉಪಗ್ರಹ ನಕ್ಷತ್ರಗಳ ದೂರವನ್ನು ನಿಖರವಾಗಿ ಅಳೆದಾಗ ಕೆಲವು ಮಣಿಗಳು ತಪ್ಪು ಜಾಗದಲ್ಲಿದ್ದದ್ದು ತಿಳಿಯಿತು.

ಹಾಗಾದರೆ ಆ ರಾತ್ರಿ ಬಾರ್ನಿ ಹೆದರಿದ್ದು ಯಾರಿಗೆ? ಇಷ್ಟು ಹೊತ್ತು ನಾನು ಒಂದು ಸಂಗತಿ ಹೇಳಲಿಲ್ಲ. ಬಾರ್ನಿ ಕಪ್ಪು ಮನುಷ್ಯ, ಬೆಟ್ಟಿ ಬಿಳಿಯ ಹೆಂಗಸು. ಅಂಥ ಮದುವೆ ಅಮೆರಿಕದ ಹಲವು ರಾಜ್ಯಗಳಲ್ಲಿ 1967ರವರೆಗೂ ಅಪರಾಧವಾಗಿತ್ತು. ಅವನು ಬಾಸ್ಟನ್ ಅಂಚೆ ಕಚೇರಿಯಲ್ಲಿ ರಾತ್ರಿಪಾಳಿಯ ನೌಕರ, ಅವಳು ಸಮಾಜ ಕಲ್ಯಾಣ ಇಲಾಖೆಯಲ್ಲಿ. ಇಬ್ಬರೂ ಕರಿಯರ ಹಕ್ಕಿನ ಚಳವಳಿಯಲ್ಲಿದ್ದವರು. ಸಂಮೋಹನದ ಟೇಪುಗಳಲ್ಲಿ ಅನ್ಯಗ್ರಹದವರು ಬರುವ ಮುಂಚೆಯೇ ಭಯ ಬರುತ್ತದೆ. ಹೋಟೆಲಿನವರು ರೂಮು ಕೊಡದಿದ್ದರೆ? ದಾರಿಯಲ್ಲಿ ಊಟಕ್ಕೆ ನಿಂತಲ್ಲಿ ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆಯೇ? ಅವನ ಕಾರಿನ ಡಿಕ್ಕಿಯಲ್ಲಿ ಪಿಸ್ತೂಲು ಇತ್ತು. ಕಿಟಕಿಯಲ್ಲಿ ಕಂಡ ಮುಖಗಳಲ್ಲಿ ಒಂದನ್ನು ಅವನು ಹೋಲಿಸಿದ್ದು ನಾಜಿಯೊಬ್ಬನಿಗೆ.

ಆ ಬೆಳಕು ಗುರುಗ್ರಹವಿದ್ದೀತು, ಬೆಟ್ಟದ ತುದಿಯ ದೀಪವಿದ್ದೀತು. ಬೆಳಕು ಏನೇ ಇರಲಿ, ಕತ್ತಲ ರಸ್ತೆಯಲ್ಲಿ ಯಾರೋ ಅಡ್ಡಗಟ್ಟಿ ಇಳಿಸಿ ಮೈಮುಟ್ಟಿ ನೋಡಿಯಾರು ಎಂಬ ಹೆದರಿಕೆಗೆ ಬೇರೆ ಗ್ರಹದವರು ಬರಬೇಕಿರಲಿಲ್ಲ. ಇದು ನನ್ನ ಊಹೆ. ಬಾರ್ನಿಯನ್ನು ಈಗ ಕೇಳುವಂತಿಲ್ಲ. 1969ರಲ್ಲಿ, 46ನೇ ವಯಸ್ಸಿಗೇ, ಮಿದುಳಿನ ರಕ್ತಸ್ರಾವದಿಂದ ತೀರಿಕೊಂಡ. ಬೆಟ್ಟಿ 2004ರವರೆಗೆ ಬದುಕಿದ್ದಳು. ಕೊನೆಕೊನೆಗೆ ಅವಳಿಗೆ ಆಕಾಶದ ಯಾವ ಬೆಳಕೂ ತಟ್ಟೆಯಾಗಿ ಕಾಣುತ್ತಿತ್ತು. ನಂಬುವವರೂ ಅವಳಿಂದ ದೂರ ಸರಿದಿದ್ದರು. ಅವಳು ಆ ರಾತ್ರಿ ಉಟ್ಟಿದ್ದ ಹರಿದ ನೀಲಿ ಉಡುಪು ನ್ಯೂ ಹ್ಯಾಂಪ್‌ಶೈರ್ ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿದೆ.

2011ರಲ್ಲಿ ಅಲ್ಲಿನ ರಾಜ್ಯ ಸರ್ಕಾರ ಮೂರನೇ ನಂಬರಿನ ರಸ್ತೆಯ ಬದಿಗೆ ಒಂದು ಫಲಕ ನೆಟ್ಟಿತು. ಅದರಲ್ಲಿ ದಂಪತಿಯ ಹೆಸರಿದೆ, ತಾರೀಖಿದೆ, ಚುಟ್ಟದ ಆಕಾರದ ನೌಕೆಯಿದೆ, ಕಾಣೆಯಾದ ಎರಡು ಗಂಟೆಯೂ ಇದೆ. ಕನಸುಗಳಿಲ್ಲ, ಡಾಕ್ಟರ್ ಸೈಮನ್ ಇಲ್ಲ. ಬಾರ್ನಿಯ ಬಣ್ಣವೂ ಇಲ್ಲ.